ಮೊದಲು ಸೋರಿಕೆ ಹುಡುಕಿ, ಕಂಪ್ರೆಸರ್ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಎಲೆಕ್ಟ್ರಿಕ್ ಕಾರಿನ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗಿನ ಬದಲು ಕಂಪ್ರೆಸರ್ ಎಂಬ ಪಂಪು ತುಂಬಿದ ಗಾಳಿಯ ಮೇಲೆ ಕಾರು ನಿಲ್ಲುವ ವ್ಯವಸ್ಥೆ. ಬೆಂಗಳೂರಿನಲ್ಲಿ ಮೂರು ನಾಲ್ಕು ವರ್ಷ ಓಡಿದ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿಗಳನ್ನು ನಮ್ಮ ಕಡೆಯವರು ಸೆಕೆಂಡ್ ಹ್ಯಾಂಡ್ ತರುತ್ತಿದ್ದಾರೆ. ಕಾರು ಚೆನ್ನಾಗಿರುತ್ತದೆ, ಬೆಲೆಯೂ ಇಳಿದಿರುತ್ತದೆ. ಆದರೆ ಮಲೆನಾಡಿನ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಳಿಯ ತಾಪತ್ರಯ ಶುರುವಾಗುತ್ತದೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇನೆ. ಕಾರಿನ ಕಂಪನಿ ಹೆಸರು ಹಾಕಿಲ್ಲ, ಯಾಕೆಂದರೆ ಈ ವ್ಯವಸ್ಥೆ ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತದೆ.

ತೀರ್ಥಹಳ್ಳಿಯಿಂದ: ಸರ್, ನಮ್ಮದು ಅಡಿಕೆ ತೋಟ, ಮನೆ ಪೇಟೆಯಿಂದ 9 ಕಿಲೋಮೀಟರ್ ಒಳಗೆ. ದೀಪಾವಳಿ ಆದಮೇಲೆ ದಿನಾ ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಎಡ ಚಕ್ರದ ಮೇಲೆ ಕಾರು ಕೂತಿರುತ್ತದೆ. ಆನ್ ಮಾಡಿದರೆ ಗೊರ್ ಅಂತ ಶಬ್ದ ಬಂದು ನಿಧಾನಕ್ಕೆ ಏಳುತ್ತದೆ. ಮೊದಲು ಬೇಗ ಏಳುತ್ತಿತ್ತು, ಈಗ ಮೂರು ನಾಲ್ಕು ನಿಮಿಷ ಬೇಕು. ಗ್ಯಾರೇಜಿನವರು ಕಂಪ್ರೆಸರ್ ಹೋಗಿದೆ ಅಂತ ಲಕ್ಷದ ಮೇಲೆ ಖರ್ಚು ಹೇಳಿದ್ದಾರೆ. ಹಾಕಿಸಲಾ?

ಬೇಡ. ಈಗಲೇ ಹಾಕಿಸಬೇಡಿ.

ನೀವೇ ಬರೆದಿದ್ದನ್ನು ಇನ್ನೊಂದು ಸಲ ಓದಿ ನೋಡಿ. ಕಂಪ್ರೆಸರ್ ಪೂರ್ತಿ ಹೋಗಿದ್ದರೆ ಕಾರು ಬೆಳಿಗ್ಗೆ ಏಳುತ್ತಲೇ ಇರಲಿಲ್ಲ. ಏಳುತ್ತಿದೆ, ಅಂದರೆ ಅದು ಬದುಕಿದೆ, ಸುಸ್ತಾಗಿದೆ ಅಷ್ಟೆ. ಇನ್ನೊಂದು, ನಾಲ್ಕೂ ಚಕ್ರಕ್ಕೆ ಇರುವುದು ಒಂದೇ ಕಂಪ್ರೆಸರ್. ಅದು ಕೆಟ್ಟರೆ ಎಡ ಮೂಲೆ ಮಾತ್ರ ಯಾಕೆ ಕೂರಬೇಕು? ಒಂದೇ ಮೂಲೆ ರಾತ್ರಿ ಇಳಿಯುತ್ತಿದೆ ಅಂದರೆ ಆ ಮೂಲೆಯಲ್ಲಿ ಗಾಳಿ ಸೋರುತ್ತಿದೆ. ಹುಡುಕಬೇಕಾದದ್ದು ಅದನ್ನು.

ವ್ಯವಸ್ಥೆ ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ, ಆಗ ಗ್ಯಾರೇಜಿನಲ್ಲಿ ಮಾತಾಡಲು ನಿಮಗೂ ಧೈರ್ಯ ಬರುತ್ತದೆ. ಕಬ್ಬಿಣದ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ದಪ್ಪ ರಬ್ಬರಿನ ಚೀಲ ಇರುತ್ತದೆ. ಬಸ್ಸಿನವರು ಇದನ್ನು ಬೆಲ್ಲೋಸ್ ಅನ್ನುತ್ತಾರೆ. 2001ರಲ್ಲಿ ವೋಲ್ವೋ ಬಸ್ಸು ನಮ್ಮ ದೇಶಕ್ಕೆ ಬಂದಾಗ ಎಲ್ಲರೂ ಹೊಗಳಿದ್ದು ಈ ಗಾಳಿಯ ಮೇಲಿನ ಸವಾರಿಯನ್ನೇ. ಬಸ್ಸಿನಲ್ಲಿ ಗಾಳಿ ಕೊಡುವ ಕಂಪ್ರೆಸರನ್ನು ಇಂಜಿನ್ ತಿರುಗಿಸುತ್ತದೆ, ಬ್ರೇಕಿಗೂ ಅದೇ ಗಾಳಿ. ಎಲೆಕ್ಟ್ರಿಕ್ ಕಾರಿನಲ್ಲಿ ಇಂಜಿನ್ ಇಲ್ಲ. ಪುಟ್ಟ ಮೋಟಾರಿನ ಕಂಪ್ರೆಸರ್ ಒಂದಿರುತ್ತದೆ, ಅದು ಸಾಮಾನ್ಯವಾಗಿ 12 ವೋಲ್ಟಿನಲ್ಲಿ ಓಡುತ್ತದೆ. ಅಲ್ಲಿಂದ ಗಾಳಿ ಡ್ರೈಯರ್ ಎಂಬ ಡಬ್ಬಿಯನ್ನು ದಾಟಿ ವಾಲ್ವ್ ಬ್ಲಾಕಿಗೆ ಬರುತ್ತದೆ. ವಾಲ್ವ್ ಬ್ಲಾಕ್ ಯಾವ ಚಕ್ರಕ್ಕೆ ಬೇಕೋ ಆ ಚಕ್ರಕ್ಕೆ ಬಾಗಿಲು ತೆರೆದು ಗಾಳಿ ಬಿಟ್ಟು ಮುಚ್ಚುತ್ತದೆ. ಪ್ರತಿ ಮೂಲೆಯಲ್ಲೂ ಎತ್ತರ ನೋಡುವ ಒಂದು ಸೆನ್ಸರ್. ಹೆಚ್ಚಿನ ಕಾರುಗಳಲ್ಲಿ ಗಾಳಿ ತುಂಬಿಡಲು ಒಂದು ಟ್ಯಾಂಕು. ಮುಖ್ಯವಾಗಿ ಇಷ್ಟೇ.

ಈಗ ಆ ಡ್ರೈಯರ್ ವಿಷಯಕ್ಕೆ ಬನ್ನಿ, ಮಲೆನಾಡಿನವರು ಇದನ್ನು ಗಮನ ಇಟ್ಟು ಓದಬೇಕು. ಅದರೊಳಗೆ ತೇವ ಹೀರುವ ಕಾಳುಗಳಿರುತ್ತವೆ, ಹೊಸ ಶೂ ಡಬ್ಬಿಯಲ್ಲಿ ಸಣ್ಣ ಪೊಟ್ಟಣ ಇಟ್ಟಿರುತ್ತಾರಲ್ಲ, ಆ ಜಾತಿಯದ್ದು. ಹೊರಗಿನ ಗಾಳಿ ಒಳಗೆ ಹೋಗುವಾಗ ಅದರ ತೇವವನ್ನು ಈ ಕಾಳುಗಳು ಹೀರಿಕೊಳ್ಳುತ್ತವೆ. ಕಾರು ಎತ್ತರ ತಗ್ಗಿಸುವಾಗ ಒಳಗಿನ ಒಣ ಗಾಳಿ ಅದೇ ಡ್ರೈಯರ್ ದಾರಿಯಲ್ಲಿ ವಾಪಸ್ ಹೊರಗೆ ಹೋಗುತ್ತದೆ, ಹೋಗುವಾಗ ಕಾಳುಗಳನ್ನು ಒಣಗಿಸಿ ಹೋಗುತ್ತದೆ. ಹಾಗಾಗಿ ಡ್ರೈಯರ್ ವರ್ಷಗಟ್ಟಲೆ ಬಾಳುತ್ತದೆ. ಆದರೆ ಎಲ್ಲೋ ಸೋರಿಕೆ ಇದ್ದರೆ? ಗಾಳಿ ಡ್ರೈಯರ್ ಮೂಲಕ ಒಳಗೆ ಬರುತ್ತದೆ, ಸೋರುವ ಜಾಗದಿಂದ ಹೊರಗೆ ಹೋಗಿಬಿಡುತ್ತದೆ. ವಾಪಸ್ ಬಂದು ಒಣಗಿಸುವುದೇ ಇಲ್ಲ. ಕಾಳುಗಳು ನೀರು ಕುಡಿದು ಕುಡಿದು ತುಂಬಿಕೊಳ್ಳುತ್ತವೆ, ಕೊನೆಗೆ ಪುಡಿಯಾಗುತ್ತವೆ. ಆ ಬಿಳಿ ಪುಡಿಯೂ ನೀರೂ ವಾಲ್ವ್ ಬ್ಲಾಕಿಗೆ ಹೋಗಿ ಕೂತರೆ ವಾಲ್ವುಗಳು ಸರಿಯಾಗಿ ಮುಚ್ಚುವುದಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮ ತೀರ್ಥಹಳ್ಳಿಯ ಆಷಾಢದ ಗಾಳಿಯಲ್ಲಿ ಬಟ್ಟೆಯೇ ವಾರ ಒಣಗುವುದಿಲ್ಲ. ಆ ಗಾಳಿಯನ್ನೇ ಕಂಪ್ರೆಸರ್ ದಿನಾ ಒಳಗೆ ಎಳೆಯುತ್ತಿದೆ.

ಕಂಪ್ರೆಸರಿನ ಕಥೆಯೂ ಇದೇ. ಅದು ಒಮ್ಮೆಗೆ ಕೆಲವೇ ನಿಮಿಷ ಓಡಿ ಆರಲು ಬಿಡಬೇಕಾದ ಯಂತ್ರ. ಎಣ್ಣೆ ಇಲ್ಲದೆ ಓಡುತ್ತದೆ. ಸೋರಿದ ಗಾಳಿಯನ್ನು ತುಂಬಲು ದಿನಕ್ಕೆ ಹತ್ತು ಸಲ ಓಡಿದರೆ ಪಿಸ್ಟನ್ನಿನ ರಿಂಗು ಸವೆದು, ಮೊದಲಿನ ಒತ್ತಡ ಕಟ್ಟಲು ಆಗುವುದಿಲ್ಲ. ನಿಮ್ಮದು ಏಳಲು ತಡ ಮಾಡುತ್ತಿರುವುದು ಇದಕ್ಕೇ ಇರಬೇಕು. ಹಾಗಾಗಿ ಗ್ಯಾರೇಜಿನವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಸೋರಿಕೆ ಬಿಟ್ಟು ಹೊಸ ಕಂಪ್ರೆಸರ್ ಹಾಕಿದರೆ ಅದಕ್ಕೂ ಇದೇ ಗತಿ. ನನ್ನ ಹಳೇ ತಪ್ಪೊಂದನ್ನು ಹೇಳುತ್ತೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬರ ಕಾರಿಗೆ ನಾನೇ ಸೋರಿಕೆ ನೋಡದೆ ಕಂಪ್ರೆಸರ್ ಬದಲಿಸಿದ್ದೆ. ಅವರು ನಂಬಿ ದುಡ್ಡು ಕೊಟ್ಟರು. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅದು ಸುಟ್ಟು ವಾಪಸ್ ಬಂತು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಹುಡುಕುವುದು ಹೇಗೆ? ಅರ್ಧ ಕೆಲಸ ನೀವೇ ಮನೆಯಲ್ಲಿ ಮಾಡಬಹುದು. ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ. ಟೇಪು ಹಿಡಿದು ಚಕ್ರದ ನಡು ಬಿಂದುವಿನಿಂದ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಡಿಮೆ ಇದ್ದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಮತ್ತೆ ಅಳೆಯಿರಿ. ಬಾಗಿಲು ತೆಗೆದ ಕೂಡಲೇ ಕೆಲವು ಕಾರು ಎದ್ದು ಎತ್ತರ ಸರಿ ಮಾಡಲು ಶುರು ಮಾಡುತ್ತವೆ.

ಇದರಲ್ಲಿ ಒಂದು ಮೋಸವಿದೆ. ಕೆಲವು ಕಾರುಗಳು ನಿಂತಲ್ಲೇ ಮಧ್ಯರಾತ್ರಿ ಎಚ್ಚರವಾಗಿ, ಒಂದು ಮೂಲೆ ಇಳಿದಿದ್ದರೆ ಉಳಿದ ಮೂರನ್ನೂ ಅದರ ಮಟ್ಟಕ್ಕೆ ಇಳಿಸಿಬಿಡುತ್ತವೆ. ಬೆಳಿಗ್ಗೆ ನೋಡಿದವರಿಗೆ ನಾಲ್ಕೂ ಸೋರುತ್ತಿದೆ ಅನ್ನಿಸುತ್ತದೆ. ಆಗ ಮ್ಯಾನ್ಯುಯಲ್ ನೋಡಿ ಸಸ್ಪೆನ್ಷನ್ನಿನ 12 ವೋಲ್ಟ್ ಫ್ಯೂಸನ್ನು ರಾತ್ರಿ ಮಟ್ಟಿಗೆ ತೆಗೆದಿಟ್ಟರೆ ಕಾರು ತಾನಾಗಿ ಏನೂ ಮಾಡುವುದಿಲ್ಲ, ನಿಜವಾಗಿ ಸೋರುವ ಮೂಲೆ ಮಾತ್ರ ಇಳಿದಿರುತ್ತದೆ. ಕಿತ್ತಳೆ ಬಣ್ಣದ ದಪ್ಪ ತಂತಿಗಳ ಹತ್ತಿರ ಮಾತ್ರ ಕೈ ಹಾಕಬೇಡಿ. ಅದು ದೊಡ್ಡ ಬ್ಯಾಟರಿಯ ನೂರಾರು ವೋಲ್ಟಿನ ದಾರಿ.

ಮೂಲೆ ಗೊತ್ತಾದ ಮೇಲೆ ಸೋಪು ನೀರು. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಹಾಕಿ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಳ್ಳಿ. ಅಜ್ಜಿ ಕಾಲದ ಅಂಟುವಾಳದ ನೊರೆಯೂ ನಡೆಯುತ್ತದೆ. ಕಾರನ್ನು ಅತಿ ಎತ್ತರದ ಸೆಟ್ಟಿಂಗಿಗೆ ಹಾಕಿ, ಚಕ್ರವನ್ನು ಪೂರ್ತಿ ತಿರುಗಿಸಿ, ಸಂದಿನಿಂದ ಬೆಲ್ಲೋಸಿನ ಮೇಲೆ ಹೊಡೆಯಿರಿ. ಎತ್ತರ ಯಾಕೆ ಅಂದರೆ ರಬ್ಬರ್ ಬಿರಿಯುವುದು ಮಡಿಕೆ ಬೀಳುವ ಜಾಗದಲ್ಲೇ, ಕಾರು ತಗ್ಗಿನಲ್ಲಿದ್ದಾಗ ಆ ಬಿರುಕು ಮಡಿಕೆಯೊಳಗೆ ಅಡಗಿ ಕೂತಿರುತ್ತದೆ. ಗುಳ್ಳೆ ಏಳುತ್ತದಾ ನೋಡಿ. ದೊಡ್ಡ ಗುಳ್ಳೆಯೇ ಬರಬೇಕೆಂದಿಲ್ಲ, ಕಾಫಿ ಮೇಲಿನ ನೊರೆಯಂತೆ ಸಣ್ಣಗೆ ಉಕ್ಕಿದರೂ ಅದು ಸೋರಿಕೆಯೇ. ನಂತರ ಪೈಪು ಬಂದು ಸೇರುವ ನಟ್ಟಿನ ಹತ್ತಿರ, ಆಮೇಲೆ ವಾಲ್ವ್ ಬ್ಲಾಕಿನ ಹತ್ತಿರ ಹೊಡೆಯಿರಿ. ಈ ಕೆಲಸಕ್ಕೆ ಕಾರಿನ ಕೆಳಗೆ ನುಗ್ಗಬೇಡಿ, ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಬೆಲ್ಲೋಸಿನಲ್ಲೂ ನಟ್ಟಿನಲ್ಲೂ ಗುಳ್ಳೆ ಬಾರದಿದ್ದರೆ ವಾಲ್ವ್ ಬ್ಲಾಕಿನ ಮೇಲೆ ಅನುಮಾನ. ಇದಕ್ಕೆ ಒಂದು ಒಳ್ಳೆ ಉಪಾಯವಿದೆ, ಮೆಕ್ಯಾನಿಕ್ಕಿಗೆ ಹೇಳಿ. ಸ್ಕ್ಯಾನರಿನಿಂದ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಪರೀಕ್ಷಾ ಯಂತ್ರ) ಗಾಳಿ ಇಳಿಸಿ, ವಾಲ್ವ್ ಬ್ಲಾಕಿನಲ್ಲಿ ಮುಂದಿನ ಎಡ ಮತ್ತು ಬಲ ಪೈಪುಗಳನ್ನು ಅದಲು ಬದಲು ಮಾಡಿ, ಗಾಳಿ ತುಂಬಿ, ಆಮೇಲೆ ಫ್ಯೂಸ್ ತೆಗೆದು ರಾತ್ರಿ ಬಿಡಬೇಕು. ಬೆಳಿಗ್ಗೆ ಮತ್ತೆ ಎಡಗಡೆಯೇ ಇಳಿದಿದ್ದರೆ ತಪ್ಪು ಬೆಲ್ಲೋಸಿನದ್ದು ಅಥವಾ ಆ ಪೈಪಿನದ್ದು. ಇಳಿಯುವುದು ಬಲಕ್ಕೆ ಹೋಗಿದ್ದರೆ ತಪ್ಪು ವಾಲ್ವ್ ಬ್ಲಾಕಿನದ್ದು. ಪೈಪು ವಾಪಸ್ ಸರಿಯಾಗಿ ಹಾಕುವವರೆಗೆ ಕಾರು ಓಡಿಸುವ ಹಾಗಿಲ್ಲ.

ನಿಮ್ಮ ವಿಷಯದಲ್ಲಿ ನನ್ನ ಊಹೆ, ಬೆಲ್ಲೋಸಿನ ಮಡಿಕೆ ಅಥವಾ ನಟ್ಟಿನ ಒಳಗಿನ ಓ ರಿಂಗು ಎಂಬ ರಬ್ಬರ್ ಬಳೆ. ದೀಪಾವಳಿ ನಂತರ, ಅಂದರೆ ಚಳಿ ಶುರುವಾದ ಮೇಲೆ ಕಂಡಿದೆ. ಚಳಿಗೆ ರಬ್ಬರ್ ಬಿಗಿದುಕೊಳ್ಳುತ್ತದೆ, ಸಣ್ಣ ಬಿರುಕು ಬಾಯಿ ಬಿಡುತ್ತದೆ. ಓ ರಿಂಗಾಗಿದ್ದರೆ ತೀರಾ ಸಣ್ಣ ಖರ್ಚು. ಬೆಲ್ಲೋಸಾಗಿದ್ದರೆ ಆ ಒಂದು ಕಡೆ ಬದಲಿಸಿದರೆ ಸಾಕು, ಆದರೆ ಬಲಗಡೆಯದಕ್ಕೂ ಅಷ್ಟೇ ವಯಸ್ಸಾಗಿದೆ, ಅದರ ಮಡಿಕೆಯನ್ನು ಟಾರ್ಚ್ ಹಾಕಿ ನೋಡಿಸಿ. ಬಿರುಕು ಕಂಡರೆ ಎರಡೂ ಹಾಕಿಸಿ, ಕಾಣದಿದ್ದರೆ ದುಡ್ಡು ಉಳಿಸಿ. ಸೋರಿಕೆ ನಿಂತ ಮೇಲೆ ತಗ್ಗಿನಿಂದ ಎತ್ತರಕ್ಕೆ ಏಳಲು ಎಷ್ಟು ಹೊತ್ತು ಬೇಕು, ಎಷ್ಟು ಒತ್ತಡ ಕಟ್ಟುತ್ತದೆ ಅಂತ ಸ್ಕ್ಯಾನರಿನಲ್ಲಿ ನೋಡಲಿ. ಆಗಲೂ ಒತ್ತಡ ಬಾರದಿದ್ದರೆ ಕಂಪ್ರೆಸರ್ ಬದಲಿಸಿ, ಜೊತೆಗೆ ಡ್ರೈಯರನ್ನೂ, ಕಂಪ್ರೆಸರಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ರಿಲೇಯನ್ನೂ ಹೊಸದು ಹಾಕಿಸಿ. ಹಳೇ ರಿಲೇ ಒಳಗೆ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಒಂದೇ ದಿನದಲ್ಲಿ ಸುಟ್ಟುಹೋಗಬಹುದು.

ಸಾಗರದಿಂದ: ನಾನು ಶಿಕ್ಷಕಿ. ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಸಂಜೆ ಮನೆಗೆ ಬಂದು ನಿಲ್ಲಿಸಿದ ಕಾರು ಬೆಳಿಗ್ಗೆ ನಾಲ್ಕೂ ಕಡೆ ಒಂದು ಬೆರಳಷ್ಟು ತಗ್ಗಿರುತ್ತದೆ. ಬೇಸಿಗೆಯಲ್ಲಿ ಹೀಗೆ ಇರಲಿಲ್ಲ. ನನಗೂ ಸೋರಿಕೆಯಾ?

ಸೋರಿಕೆ ಇರಲಿಕ್ಕಿಲ್ಲ, ಧೈರ್ಯವಾಗಿರಿ. ಗಾಳಿ ತಣ್ಣಗಾದರೆ ಕುಗ್ಗುತ್ತದೆ. ಸಂಜೆ ಓಡಿ ಬಂದಾಗ ಬೆಲ್ಲೋಸಿನ ಒಳಗಿನ ಗಾಳಿ 35 ಡಿಗ್ರಿ ಇತ್ತು ಅಂತಿಟ್ಟುಕೊಳ್ಳಿ, ಬೆಳಗಿನ ಜಾವ 15 ಡಿಗ್ರಿ. ಸೊನ್ನೆಗಿಂತ ಕೆಳಗಿನ 273 ಸೇರಿಸಿ ಲೆಕ್ಕ ಹಾಕಿದರೆ 308ರಿಂದ 288ಕ್ಕೆ ಇಳಿದಂತಾಯಿತು, ನೂರಕ್ಕೆ ಆರೂವರೆ ಭಾಗ ಕಡಿಮೆ. ಕಾರಿನ ಭಾರ ಅಷ್ಟೇ ಇರುವುದರಿಂದ ಗಾಳಿಯ ಗಾತ್ರವೇ ಅಷ್ಟು ಕುಗ್ಗಬೇಕು. 15 ಸೆಂಟಿಮೀಟರ್ ಎತ್ತರದ ಗಾಳಿಯ ಕಂಬ ಅಂದರೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ಇಳಿಯುತ್ತದೆ. ನಿಮ್ಮ ಒಂದು ಬೆರಳಿಗೆ ಸರಿಹೋಯಿತು ಅಲ್ವಾ? ಮಕ್ಕಳಿಗೆ ಪಾಠದಲ್ಲಿ ಹೇಳಲು ಒಳ್ಳೆ ಉದಾಹರಣೆ ಇದು. ನೋಡಬೇಕಾದದ್ದು ಇಷ್ಟೇ: ಫ್ಯೂಸ್ ತೆಗೆದಿಟ್ಟಾಗಲೂ ನಾಲ್ಕೂ ಸಮನಾಗಿ ಇಳಿದಿದ್ದರೆ ಚಳಿ ಕಾರಣ. ಒಂದು ಮೂಲೆ ಉಳಿದವಕ್ಕಿಂತ ಜಾಸ್ತಿ ಇಳಿದಿದ್ದರೆ, ಅಥವಾ ಎರಡನೇ ದಿನ ಅಲ್ಲೇ ನಿಲ್ಲಿಸಿದಾಗ ಇನ್ನೂ ಇಳಿಯುತ್ತಾ ಹೋದರೆ, ತೀರ್ಥಹಳ್ಳಿಯವರಿಗೆ ಹೇಳಿದ್ದನ್ನು ಮಾಡಿ.

ಹೊಸನಗರದಿಂದ: ತೋಟದ ಜೀಪ್ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಕಾರು ಹಿಂದೆ ಬಲಕ್ಕೆ ಎತ್ತರವಾಗಿ ನಿಂತಿದೆ. ರಾತ್ರಿ ಇಳಿಯುವುದಿಲ್ಲ, ಶಬ್ದ ಇಲ್ಲ. ಎಚ್ಚರಿಕೆ ದೀಪ ಮಾತ್ರ ಹತ್ತಿದೆ.

ರಾತ್ರಿ ಇಳಿಯುವುದಿಲ್ಲ ಅಂತ ಬರೆದಿರಿ ನೋಡಿ, ಅಲ್ಲಿಗೆ ಸೋರಿಕೆಯ ಮಾತು ಮುಗಿಯಿತು. ಇದು ಎತ್ತರ ನೋಡುವ ಸೆನ್ಸರ್. ಸೆನ್ಸರಿಗೂ ಚಕ್ರವನ್ನು ಹಿಡಿದಿರುವ ತೋಳಿಗೂ (ಆರ್ಮ್) ನಡುವೆ ಬೆರಳುದ್ದದ ಒಂದು ಕಡ್ಡಿ ಇರುತ್ತದೆ, ಎರಡು ತುದಿಗೂ ಪುಟ್ಟ ಗುಂಡಿನ ಕೀಲು. ಜೀಪ್ ರಸ್ತೆಯಲ್ಲಿ ಒಂದು ಕೋಲು ಸಿಕ್ಕಿಕೊಂಡರೆ ಸಾಕು, ಕಡ್ಡಿ ಬಾಗುತ್ತದೆ ಅಥವಾ ಕೀಲು ಕಳಚುತ್ತದೆ. ಆಗ ಕಾರಿಗೆ ಆ ಮೂಲೆ ತಗ್ಗಿದೆ ಅಂತ ತಪ್ಪು ಸುದ್ದಿ ಹೋಗಿ ಅದು ಗಾಳಿ ತುಂಬುತ್ತದೆ. ಚಕ್ರದ ಒಳಗಡೆ ಟಾರ್ಚ್ ಹಾಕಿ ಎಡಗಡೆಯದನ್ನೂ ಬಲಗಡೆಯದನ್ನೂ ಹೋಲಿಸಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಡ್ಡಿ ಸರಿ ಇದ್ದರೆ ಸೆನ್ಸರಿನ ಪ್ಲಗ್ ಬಿಚ್ಚಿಸಿ ನೋಡಿ, ಒಳಗೆ ಕೆಂಪು ಮಣ್ಣಿನ ನೀರು ಹೋಗಿ ಪಿನ್ನು ಹಸಿರುಗಟ್ಟಿರಬಹುದು. ಕಡ್ಡಿ ಮಾತ್ರ ಬೇರೆಯಾಗಿ ಸಿಗುವ ಕಾರುಗಳೂ ಇವೆ, ಸೆನ್ಸರ್ ಪೂರ್ತಿ ಕೊಳ್ಳುವ ಮೊದಲು ಕೇಳಿ.

ಸೆನ್ಸರ್ ಬದಲಿಸಿದ ಮೇಲೆ ಎತ್ತರದ ಅಳತೆಯನ್ನು ಸ್ಕ್ಯಾನರಿನಲ್ಲಿ ಹೊಸದಾಗಿ ಕಲಿಸಬೇಕು. ಇದನ್ನು ಬಿಡುವವರು ತುಂಬಾ ಜನ. ಕಲಿಸದಿದ್ದರೆ ಕಾರು ವಾರೆಯಾಗಿಯೇ ಓಡುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಮೊದಲು ಎತ್ತರ ಕಲಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್. ಉಲ್ಟಾ ಮಾಡಿದರೆ ಅಲೈನ್‌ಮೆಂಟಿನ ದುಡ್ಡು ದಂಡ.

ಕೊಪ್ಪದಿಂದ: ಗಾಳಿ ಪೈಪನ್ನು ಹೆಗ್ಗಣ ಕಡಿದು ಹಾಕಿದೆ. ಪೈಪಿನ ಸೆಟ್ಟು ಬರಲು ತಿಂಗಳು ಅಂತಾರೆ. ಅಲ್ಲಿವರೆಗೆ ಕಾರು ನಿಲ್ಲಿಸಿಯೇ ಇಡಬೇಕಾ?

ತಿಂಗಳಿಡೀ ನಿಲ್ಲಿಸುವ ಅಗತ್ಯವಿಲ್ಲ, ಆದರೆ ಪೈಪು ಜೋಡಿಸುವವರೆಗೆ ಕೂತ ಕಾರನ್ನು ಓಡಿಸಬೇಡಿ. ನಿಮ್ಮ ಹತ್ತಿರದ ಬಸ್ ಮೆಕ್ಯಾನಿಕ್ಕನ್ನು ಕೇಳಿ, ಶಿವಮೊಗ್ಗಕ್ಕೆ ಬರುವುದಾದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ. ಗಾಳಿಯ ನೈಲಾನ್ ಪೈಪು ಜೋಡಿಸುವುದು ಬಸ್ಸು ಲಾರಿಯವರಿಗೆ ದಿನದ ಕೆಲಸ. ಆದರೆ ಅಳತೆ ನೋಡಿಕೊಳ್ಳಿ. ಬಸ್ಸಿನ ಪೈಪು ದಪ್ಪ, ಕಾರಿನದ್ದು 4 ಅಥವಾ 6 ಮಿಲಿಮೀಟರಿನದ್ದು. ಅಷ್ಟೇ ಅಳತೆಯ, ಅಷ್ಟು ಒತ್ತಡ ತಡೆಯುವ ಯೂನಿಯನ್ (ಎರಡು ತುಂಡು ಪೈಪು ಸೇರಿಸುವ ಜೋಡಣೆ) ಹಾಕಬೇಕು. ಕಡಿದ ತುದಿಯನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದರೆ ಪೈಪು ಚಪ್ಪಟೆಯಾಗಿ ಅಲ್ಲೇ ಸೋರುತ್ತದೆ. ಎಂಸೀಲ್, ಇನ್ಸುಲೇಷನ್ ಟೇಪು, ಸೈಕಲ್ ಟ್ಯೂಬಿನ ತುಂಡು, ಇವು ಯಾವುದೂ ಇಲ್ಲಿ ನಿಲ್ಲುವುದಿಲ್ಲ. ಟೈರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಒತ್ತಡ ಆ ಪೈಪಿನಲ್ಲಿರುತ್ತದೆ. ಪೈಪು ಬಿಚ್ಚುವ ಮೊದಲು ಗಾಳಿ ಇಳಿಸಿಕೊಳ್ಳಲಿ. ಕಾರು ಪೂರ್ತಿ ಕೂತಿದ್ದರೂ ಬೆಲ್ಲೋಸಿನಲ್ಲಿ ಸ್ವಲ್ಪ ಒತ್ತಡ ಉಳಿದಿರುತ್ತದೆ.

ಹೆಗ್ಗಣದ ಕಾಟಕ್ಕೆ ನನಗೆ ಗೊತ್ತಿರುವ ಪಕ್ಕಾ ಉಪಾಯ ಒಂದೇ, ಅಡಿಕೆ ಗೋಟು, ಭತ್ತ, ಹಿಂಡಿ ಚೀಲ ಇರುವ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸದೇ ಇರುವುದು.

ಶಿವಮೊಗ್ಗ, ವಿನೋಬನಗರದಿಂದ: ವಾರಕ್ಕೆ ಎರಡು ಸಲ ಬೆಳಿಗ್ಗೆ ಸಸ್ಪೆನ್ಷನ್ ದೋಷ ಅಂತ ತೋರಿಸುತ್ತದೆ. ಐದು ನಿಮಿಷ ಓಡಿಸಿದರೆ ತಾನೇ ಹೋಗುತ್ತದೆ. ಕಾರು ಎಲ್ಲೂ ಇಳಿದಿಲ್ಲ.

ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿ ಪರೀಕ್ಷಿಸಿ. ಎಲೆಕ್ಟ್ರಿಕ್ ಕಾರಿನಲ್ಲಿ ಅಷ್ಟು ದೊಡ್ಡ ಬ್ಯಾಟರಿ ಇದ್ದರೂ ಬಾಗಿಲು, ಕಂಪ್ಯೂಟರು, ಈ ಕಂಪ್ರೆಸರು ಎಲ್ಲ ನಡೆಯುವುದು ಈ ಸಣ್ಣದರಿಂದಲೇ. ಅದು ಮುದಿಯಾದರೆ ಕಂಪ್ರೆಸರ್ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಸುಳ್ಳು ದೋಷ ಬರುತ್ತದೆ. ಓಡಲು ಶುರುವಾದ ಮೇಲೆ ದೊಡ್ಡ ಬ್ಯಾಟರಿಯಿಂದ ಇದಕ್ಕೆ ಚಾರ್ಜ್ ಬರುತ್ತದೆ, ದೋಷ ಮಾಯ. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಹಾಕಿ ನೋಡಿಸಿ, ಸುಮ್ನೆ ಮೀಟರ್ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ.

ಆಗುಂಬೆ ಹತ್ತಿರದಿಂದ: ಮುಂದಿನ ಒಂದು ಕಡೆ ಪೂರ್ತಿ ಕೂತುಬಿಟ್ಟಿದೆ, ಏಳುವುದೇ ಇಲ್ಲ. ನಿಧಾನಕ್ಕೆ ಘಾಟಿ ಇಳಿದು ಮಂಗಳೂರಿಗೆ ಒಯ್ಯಬಹುದಾ? ಪಂಕ್ಚರ್ ಅಂಗಡಿಯ ಹುಡುಗ ಜಾಕ್ ಕೊಟ್ಟು ನೋಡುತ್ತೇನೆ ಅಂತಾನೆ.

ಬೇಡ ಮಾರಾಯರೇ, ಎರಡೂ ಬೇಡ.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳು. ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಇಂಥ ಎಲೆಕ್ಟ್ರಿಕ್ ಎಸ್‌ಯುವಿಗಳು ಎರಡೂವರೆ ಟನ್ ಹತ್ತಿರ ತೂಗುತ್ತವೆ, ಅದರಲ್ಲಿ ಬ್ಯಾಟರಿಯೇ 700 ಕಿಲೋದಷ್ಟು ಇರುವ ಕಾರುಗಳಿವೆ. ಗಾಳಿ ಇಲ್ಲದ ಮೂಲೆಯಲ್ಲಿ ಆ ಭಾರವನ್ನು ತಡೆಯಲು ಗಟ್ಟಿ ರಬ್ಬರಿನ ಒಂದು ತಡೆ ಮಾತ್ರ ಉಳಿದಿದೆ. ಚಕ್ರ ಮೇಲೆ ಹೋಗಿ ಮಡ್‌ಗಾರ್ಡಿಗೆ ಉಜ್ಜುತ್ತದೆ, ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ, ಒಂದು ತಿರುವಿನಲ್ಲಿ ಟೈರ್ ಸೀಳಿದರೆ ಏನು ಗತಿ? ಕುಗ್ಗಿದ ಬೆಲ್ಲೋಸ್ ಮೇಲೆ ಓಡಿಸಿದರೆ ಅದು ಲೋಹದ ನಡುವೆ ಸಿಕ್ಕಿ ಹರಿಯುತ್ತದೆ, ರಿಪೇರಿ ಆಗುತ್ತಿದ್ದದ್ದೂ ಹೋಗುತ್ತದೆ. ಫ್ಲಾಟ್‌ಬೆಡ್ ಲಾರಿ ತರಿಸಿ, ನಾಲ್ಕೂ ಚಕ್ರ ನೆಲ ಬಿಟ್ಟಿರಬೇಕು. ಎಲೆಕ್ಟ್ರಿಕ್ ಕಾರಿನ ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ, ಎಳೆದುಕೊಂಡು ಹೋಗಬಾರದು ಎನ್ನುವುದು ಅದಕ್ಕೆ. ಲಾರಿಯವರಿಗೆ ಬೆಲ್ಟನ್ನು ಚಕ್ರಕ್ಕೆ ಕಟ್ಟಲು ಹೇಳಿ. ಕಾರಿನ ಮೈಗೆ ಕಟ್ಟಿದರೆ ದಾರಿಯಲ್ಲಿ ಇನ್ನೊಂದು ಮೂಲೆಯ ಗಾಳಿ ಇಳಿದಾಗ ಬೆಲ್ಟ್ ಸಡಿಲವಾಗುತ್ತದೆ. ಯಾವ ಘಾಟಿಯಲ್ಲಿ ಲಾರಿ ಬಿಡುತ್ತಾರೆ ಅಂತ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ, ಆಗುಂಬೆಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಇರುತ್ತದೆ.

ಇನ್ನು ಜಾಕ್. ಆ ಹುಡುಗನಿಗೆ ಇದನ್ನು ಓದಿ ಹೇಳಿ, ದಯವಿಟ್ಟು. ಕಾರಿನ ಸ್ಕ್ರೀನಿನಲ್ಲಿ ಜಾಕ್ ಮೋಡ್ ಅಂತ ಇರುತ್ತದೆ, ಎತ್ತುವ ಮೊದಲು ಅದನ್ನು ಆನ್ ಮಾಡಲೇಬೇಕು. ಇಲ್ಲದಿದ್ದರೆ ಒಂದು ಮೂಲೆ ಎದ್ದದ್ದನ್ನು ನೋಡಿ ಕಾರು ಮಟ್ಟ ಸರಿಮಾಡಲು ಗಾಳಿ ಬಿಡುತ್ತದೆ, ಜಾಕ್ ಮೇಲಿನ ಕಾರು ಅಲುಗುತ್ತದೆ. ಜಾಕ್ ಕೊಡುವುದು ಕಂಪನಿ ಗುರುತು ಮಾಡಿದ ನಾಲ್ಕು ಜಾಗದಲ್ಲಿ ಮಾತ್ರ. ನಡುವೆ ಕೊಟ್ಟರೆ ನೇರ ಬ್ಯಾಟರಿ ಡಬ್ಬಿಗೇ ತಾಗುತ್ತದೆ, ಅದು ನೆಗ್ಗಿದರೆ ಆಗುವ ನಷ್ಟದ ಮುಂದೆ ಸಸ್ಪೆನ್ಷನ್ ಖರ್ಚು ಏನೂ ಅಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಡದೆ ಯಾರೂ ಕೆಳಗೆ ತಲೆ ಹಾಕಬಾರದು. ಗಾಳಿಯ ಮೇಲೆ ನಿಂತ ಕಾರು ಯಾವಾಗ ಕೂರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಕೂತಾಗ ನೆಲಕ್ಕೂ ಕಾರಿಗೂ ನಡುವೆ ಉಳಿಯುವ ಸಂದು ಒಬ್ಬ ಮನುಷ್ಯನ ಎದೆಯ ದಪ್ಪಕ್ಕಿಂತ ಕಡಿಮೆ. ಹುಡುಗರು ನಮ್ಮ ಮೇಲಿನ ಗೌರವಕ್ಕೆ ಇಲ್ಲ ಅನ್ನದೆ ಕೆಳಗೆ ನುಗ್ಗುತ್ತಾರೆ, ಬೇಡ ಎಂದು ನಾವೇ ಹೇಳಬೇಕು.

ಹೊಸ ಬೆಲ್ಲೋಸ್ ಹಾಕಿದ ಮೇಲೂ ಒಂದು ಮಾತು. ಚಕ್ರ ನೆಲಕ್ಕೆ ತಾಗಿಸುವ ಮೊದಲು ಅದಕ್ಕೆ ಗಾಳಿ ತುಂಬಿರಬೇಕು. ಖಾಲಿ ಬೆಲ್ಲೋಸ್ ಮೇಲೆ ಭಾರ ಬಿಟ್ಟರೆ ಮಡಿಕೆ ತಪ್ಪಾಗಿ ಬಿದ್ದು ಹೊಸದೇ ಹರಿಯುತ್ತದೆ.

ಶೃಂಗೇರಿಯಿಂದ: ಔಷಧಿ ಹೊಡೆಯುವ ಪಂಪಿನಲ್ಲೇ ಕಾರು ತೊಳೆಯುತ್ತೇವೆ. ಚಕ್ರದ ಒಳಗೂ ಹೊಡೆಯುತ್ತೇವೆ. ತೊಂದರೆ ಇದೆಯಾ?

ಇದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಅಂದರೆ ತಾಮ್ರದ ಉಪ್ಪು, ಇದೆ. ಸುಣ್ಣ ಸಾಲದಿದ್ದಾಗ ಕತ್ತಿ ಅದ್ದಿದರೆ ಅಲಗಿನ ಮೇಲೆ ತಾಮ್ರ ಕೆಂಪಗೆ ಕೂರುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಕಬ್ಬಿಣವನ್ನು ತಿಂದೇ ಅದು ಅಲ್ಲಿ ಕೂರುವುದು. ಅಲ್ಯೂಮಿನಿಯಮ್ಮಿಗೂ ಹಾಗೇ ಮಾಡುತ್ತದೆ. ಪಂಪಿನಲ್ಲಿ, ಪೈಪಿನಲ್ಲಿ ಉಳಿದ ಔಷಧಿ ಚಕ್ರದ ಒಳಗಿನ ಕೀಲು, ನಟ್ಟುಗಳಿಗೆಲ್ಲ ತಾಗುತ್ತದೆ. ಜೋರಾದ ನೀರು ಸೆನ್ಸರಿನ ಪ್ಲಗ್ಗಿನೊಳಗೂ ನುಗ್ಗುತ್ತದೆ. ಬಾವಿ ನೀರು, ಸಾಧಾರಣ ಪೈಪು ಸಾಕು. ಮಳೆಗಾಲದಲ್ಲಿ ಬೆಲ್ಲೋಸಿನ ಮಡಿಕೆಗೆ ಮೆತ್ತಿಕೊಂಡ ಮಣ್ಣನ್ನು ತಿಂಗಳಿಗೊಮ್ಮೆ ಕಾರನ್ನು ಎತ್ತರದ ಸೆಟ್ಟಿಂಗಿನಲ್ಲಿಟ್ಟು ಮೆಲ್ಲಗೆ ತೊಳೆಯಿರಿ. ಒಣಗಿದ ಕೆಂಪು ಮಣ್ಣು ಮಡಿಕೆಯೊಳಗೆ ಮರಳು ಕಾಗದದಂತೆ ಉಜ್ಜುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸಬೇಡಿ, ರಬ್ಬರ್ ಉಬ್ಬುತ್ತದೆ.

ರಿಪ್ಪನ್‌ಪೇಟೆಯಿಂದ: ಗಾಳಿಯ ಸಹವಾಸವೇ ಬೇಡ ಅಂತ ಕಬ್ಬಿಣದ ಸ್ಪ್ರಿಂಗ್ ಹಾಕಿಸಿದರೆ ಹೇಗೆ? ಕಿಟ್ ಸಿಗುತ್ತದೆ ಅಂತ ಒಬ್ಬರು ಹೇಳಿದರು.

ಬೇಸರ ಅರ್ಥವಾಗುತ್ತದೆ, ಆದರೆ ನಾನು ಹಾಕಿಸಿ ಅನ್ನುವುದಿಲ್ಲ. ಕೆಲವು ಕಾರಿಗೆ ಕಿಟ್ ಸಿಗುತ್ತದೆ ನಿಜ. ಕಾರಿನ ಕಂಪ್ಯೂಟರ್ ಮಾತ್ರ ಗಾಳಿಯನ್ನೇ ಹುಡುಕುತ್ತಾ ಇರುತ್ತದೆ, ಅದನ್ನು ಸುಮ್ಮನಿರಿಸಲು ಇನ್ನೊಂದು ತಂತ್ರ ಮಾಡಬೇಕು. ಹೈವೇಯಲ್ಲಿ ಕಾರು ತಾನೇ ತಗ್ಗಿ ಗಾಳಿಯ ತಡೆ ಕಡಿಮೆ ಮಾಡಿಕೊಂಡು ಚಾರ್ಜ್ ಉಳಿಸುತ್ತದಲ್ಲ, ಅದು ಹೋಗುತ್ತದೆ. ನಿಮ್ಮ ಮನೆ ರಸ್ತೆಯ ಹೊಂಡದಲ್ಲಿ ಎತ್ತರ ಮಾಡಿಕೊಳ್ಳುವುದೂ ಹೋಗುತ್ತದೆ, ಕೆಳಗೆ ಬ್ಯಾಟರಿ ಇರುವಾಗ ಆ ಎತ್ತರ ನಮ್ಮ ಕಡೆ ತುಂಬಾ ಬೇಕು. ಅದರ ಮೇಲೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. ನಾಳೆ ಅಪಘಾತವಾದರೆ ವಿಮೆಯವರು ಅದನ್ನೇ ಹಿಡಿದು ಕೂರಬಹುದು. ಸೋರುವ ಒಂದು ಜಾಗ ಸರಿ ಮಾಡಿಸಿದರೆ ಮುಗಿಯುವ ಕೆಲಸಕ್ಕೆ ಪೂರ್ತಿ ವ್ಯವಸ್ಥೆ ಕಿತ್ತು ಹಾಕುವುದು ಯಾಕೆ?

ಭದ್ರಾವತಿಯಿಂದ: ಇಂಥದ್ದೇ ಕಾರು ಸೆಕೆಂಡ್ ಹ್ಯಾಂಡ್ ನೋಡಲು ಬೆಂಗಳೂರಿಗೆ ಹೋಗುತ್ತಿದ್ದೇನೆ. ಏನು ನೋಡಲಿ?

ಒಂದು ರಾತ್ರಿ ಉಳಿಯುವ ಹಾಗೆ ಹೋಗಿ. ಸಂಜೆ ನಾಲ್ಕೂ ಮೂಲೆ ಅಳೆಯಿರಿ, ಬೆಳಿಗ್ಗೆ ಹೇಳದೆ ಬೇಗ ಹೋಗಿ ಮತ್ತೆ ಅಳೆಯಿರಿ. ಮಾರುವವರು ನೀವು ಬರುವ ಮೊದಲೇ ಕಾರು ಆನ್ ಮಾಡಿ ಎಬ್ಬಿಸಿಟ್ಟಿರಬಾರದು. ತಗ್ಗಿನಿಂದ ಅತಿ ಎತ್ತರಕ್ಕೆ ಏರಿಸಿ, ಇಳಿಸಿ ನೋಡಿ. ಎಲೆಕ್ಟ್ರಿಕ್ ಕಾರಿನಲ್ಲಿ ಇಂಜಿನ್ ಶಬ್ದ ಇಲ್ಲದ್ದರಿಂದ ಕಂಪ್ರೆಸರ್ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಸಮನಾದ ಗುಂಯ್‌ಗುಟ್ಟುವಿಕೆ ಸರಿ, ಕಲ್ಲು ಅಲ್ಲಾಡಿಸಿದಂತೆ ಕಟಕಟ ಬಂದರೆ ಬೇಡ. ನಿಲ್ಲಿಸಿದ ಕಾರಿನಲ್ಲಿ ಸುಮ್ನೆ ಹತ್ತು ನಿಮಿಷ ಕೂತಿರಿ, ಯಾರೂ ಹತ್ತಿ ಇಳಿಯದೆ ಕಂಪ್ರೆಸರ್ ಮತ್ತೆ ಮತ್ತೆ ಓಡಿದರೆ ಎಲ್ಲೋ ಸೋರುತ್ತಿದೆ. ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇದೆ ಅಂತ ಹೇಳುತ್ತಾರೆ, ಅದರಲ್ಲಿ ಸಸ್ಪೆನ್ಷನ್ ಸೇರಿಲ್ಲ, ಅದನ್ನು ಬೇರೆಯಾಗಿ ಕೇಳಿ. ಹಳೇ ಬಿಲ್ಲುಗಳಲ್ಲಿ ಕಂಪ್ರೆಸರ್ ಬದಲಿಸಿದ್ದು ಕಂಡು, ಬೆಲ್ಲೋಸ್, ಪೈಪು, ವಾಲ್ವ್ ಬ್ಲಾಕಿನ ಮಾತೇ ಇಲ್ಲದಿದ್ದರೆ ಸೋಪು ನೀರಿನ ಬಾಟಲಿ ಹೊರಗೆ ತೆಗೆಯಿರಿ.